ಲಸಿಕೆ ಸಂದೇಶದಲ್ಲಿ ‘ಅಧ್ಯಯನ’ ಅಂತ ಕಂಡರೆ ಮೊದಲು ಇದನ್ನು ನೋಡಿ

ಲಸಿಕೆಯಿಂದ ಹಾನಿ ಎನ್ನುವ ಸಂದೇಶದಲ್ಲಿ ಯಾವುದಾದರೂ ಸಂಶೋಧನಾ ಪ್ರಬಂಧದ ಹೆಸರಿದ್ದರೆ, ಆ ಶೀರ್ಷಿಕೆಯನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಪ್ರಬಂಧಗಳ ಜಾಲತಾಣದಲ್ಲಿ ಹಾಕಿ ಹುಡುಕಿ. ಪ್ರಬಂಧ ಪ್ರಕಟಿಸಿದ ಜರ್ನಲ್ (ಸಂಶೋಧನಾ ಪತ್ರಿಕೆ) ಅದನ್ನು ಹಿಂತೆಗೆದುಕೊಂಡಿದ್ದರೆ ಸಾಮಾನ್ಯವಾಗಿ ಆ ಪುಟದಲ್ಲೇ ಇಂಗ್ಲಿಷಿನಲ್ಲಿ ‘ರಿಟ್ರಾಕ್ಟೆಡ್’ ಎಂದು ಕಾಣುತ್ತದೆ. ನಾವು ನಂಬುವುದು ಹೆಚ್ಚಾಗಿ ಮೇಲ್ನೋಟ ನೋಡಿ: ಡಾಕ್ಟರ್ ಹೆಸರು, ಜರ್ನಲ್ ಹೆಸರು, ಒಂದೆರಡು ಅಂಕಿಅಂಶ. ಸ್ಕ್ರೀನ್‌ಶಾಟ್‌ನಲ್ಲಿ ಅವೆಲ್ಲ ಹಾಗೇ ಉಳಿಯುತ್ತವೆ, ಆಮೇಲೆ ಪ್ರಬಂಧ ರದ್ದಾದ ಸುದ್ದಿ ಮಾತ್ರ ಅದರೊಳಗೆ ಸೇರುವುದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ (ಸ್ವಲೀನತೆ) ನಂಟು ಕಟ್ಟಿದ ಬ್ರಿಟಿಷ್ ವೈದ್ಯ ವೇಕ್‌ಫೀಲ್ಡ್ ಅವರ ಪ್ರಬಂಧವನ್ನೇ ತೆಗೆದುಕೊಳ್ಳಿ: 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ನೋಡಿದ್ದು ಬರೀ 12 ಮಕ್ಕಳನ್ನು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆದರೂ ಆ ಮಾತು ಇನ್ನೂ ಹರಿದಾಡುತ್ತಿದೆ, ಹೆತ್ತವರನ್ನು ಹೆದರಿಸುತ್ತಿದೆ. ನನಗೆ ತುಂಬಾ ಬೇಜಾರಾಗುವುದು ಅದಕ್ಕೇ. ಹೆಸರೇ ಹೇಳದೆ ‘ವಿಜ್ಞಾನಿಗಳು ಹೇಳಿದ್ದಾರೆ’ ಎನ್ನುವ ಸಂದೇಶಗಳಿಗೆ ಈ ಉಪಾಯ ನಡೆಯದು. ಪ್ರಬಂಧ ಸರಿಯಿದ್ದು, ಸಂದೇಶ ಬರೆದವರು ಅದರ ತೀರ್ಮಾನವನ್ನು ತಿರುಚಿದ್ದರೂ ನಡೆಯದು. ಆಗ ಅದೇ ಪುಟದಲ್ಲಿರುವ ಸಾರಾಂಶದ ಕೊನೆಯ ಒಂದೆರಡು ಸಾಲು ಓದಿ, ಸಂದೇಶದ ಜತೆ ತಾಳೆ ನೋಡಬೇಕು.