ಬಿಸಿಲೂರಿನ ಐಸ್ ಸ್ಕೇಟಿಂಗ್ ಮತ್ತು ಎಂಟನೇ ಕ್ಲಾಸು

ಕಲಬುರಗಿಯಲ್ಲಿ ಮಗಳು ಐಸ್ ಸ್ಕೇಟಿಂಗ್ ಕಲಿಯುತ್ತಾಳೆ ಅಂದರೆ ಜನ ಮೊದಲು ನಗುತ್ತಾರೆ. "ನಮ್ಮೂರಾಗ ಐಸ್ ಅಂದ್ರ ಗೋಲಾ ಗಾಡಿ ಮ್ಯಾಲಿಂದೇ ರೀ" ಅಂದರು ಪಕ್ಕದ ಮನೆಯ ಕಾಕಾ. ಸುಳ್ಳೇನಲ್ಲ. ವರ್ಷವಿಡೀ ಅವಳ ಪ್ರಾಕ್ಟೀಸ್ ಇನ್‌ಲೈನ್ ಸ್ಕೇಟ್, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಬೂಟಿನ ಮೇಲೆ, ಸಿಮೆಂಟ್ ಅಂಗಳದಲ್ಲಿ. ಐಸ್ ಮುಟ್ಟಿದ್ದು ಕಳೆದ ದಸರಾ ರಜೆಯಲ್ಲೇ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಸ್ಕೆಚ್ ಪೆನ್ನಿನಲ್ಲಿ ಚೆಂದದ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ವಾರಕ್ಕೆ ಆರು ದಿನ ಬೆಳಿಗ್ಗೆ 4.45ಕ್ಕೆ ಏಳುವುದು, ಪ್ರಾಕ್ಟೀಸ್, ಶಾಲೆ, ಸಂಜೆ ಮತ್ತೆ ಪ್ರಾಕ್ಟೀಸ್, ರಾತ್ರಿ ಓದು. ಮೂರೇ ವಾರ. ವಿಜ್ಞಾನದ ಟೆಸ್ಟಿನಲ್ಲಿ 25ಕ್ಕೆ 9 ಬಂತು. ಟೀಚರ್ ಫೋನ್ ಮಾಡಿ, "ಮೂರನೇ ಪೀರಿಯಡ್‌ಗೆ ನಿದ್ದಿ ಹೊಡೀತಾಳ್ರಿ ನಿಮ್ಮ ಮಗಳು" ಅಂದರು. ನನಗೆ ಅವರ ಮೇಲೇ ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದೆ: ರಾತ್ರಿ 10.30ಕ್ಕೆ ಮಲಗಿದರೆ ನಿದ್ದೆ ಆರೂಕಾಲು ಗಂಟೆ. ಹದಿಮೂರರ ಹುಡುಗಿಗೆ ಎಂಟಾದರೂ ಬೇಡವಾ?

ಟೈಮ್‌ಟೇಬಲ್ ಕಿತ್ತೆ. ಬೆಳಗಿನ ಪ್ರಾಕ್ಟೀಸ್ ಮಂಗಳವಾರ, ಗುರುವಾರ, ಭಾನುವಾರ ಮಾತ್ರ ಉಳಿಯಿತು. ಕೋಚ್ ಸರ್ ಮುಖ ಸಣ್ಣ ಮಾಡಿದರು. ಎರಡು ತಿಂಗಳು ನೋಡೋಣ ಸರ್ ಅಂದೆ. ಈಗ ಅವರೂ ಏನೂ ಅನ್ನುವುದಿಲ್ಲ.

ಓದಿನ ಹೊತ್ತನ್ನು ಗೊತ್ತು ಮಾಡಿದ್ದು ನಮ್ಮ ಬಿಸಿಲು. ಶಾಲೆ ಬಿಟ್ಟು ಬಂದಾಗ ಅಂಗಳ ಕಾದ ಹಂಚು. ಬಿದ್ದರೆ ಮೊಣಕೈ ಚರ್ಮ ತರಚುವುದಷ್ಟೇ ಅಲ್ಲ, ಸುಡುತ್ತದೆ. ಆರು ಗಂಟೆ ತನಕ ಯಾರೂ ಸ್ಕೇಟ್ ಕಟ್ಟುವುದಿಲ್ಲ. ಆ ಒಂದೂವರೆ ಗಂಟೆ ಸುಮ್ನೆ ಟಿವಿಗೆ ಹೋಗುತ್ತಿತ್ತು. ಈಗ ಒಂದು ಬಟ್ಟಲು ಸೂಸಲಾ ತಿಂದು ಗಣಿತಕ್ಕೆ ಕೂರುತ್ತಾಳೆ. ಪ್ರಾಕ್ಟೀಸ್ ಮುಗಿಸಿ ಬಂದ ಮೇಲೆ ಗಣಿತ ತಲೆಗೆ ಹತ್ತುವುದೇ ಇಲ್ಲ, ನೋಡಿದ್ದೇನೆ. ರಾತ್ರಿಗೆ ನೋಟ್ಸ್ ಬರೆಯುವುದು, ನಕ್ಷೆಗೆ ಬಣ್ಣ ಹಚ್ಚುವುದು ಇಂಥವು ಸಾಕು. 9ಕ್ಕೆಲ್ಲ ದೀಪ ಆರಿಸುತ್ತೇವೆ.

ಕಡಿಮೆಯಾದ ಬೆಳಗಿನ ಪ್ರಾಕ್ಟೀಸಿಗೆ ಬದಲಾಗಿ ಸ್ಲೈಡ್ ಬೋರ್ಡ್ ಬಂತು. ಬಡಗಿ ಹತ್ತಿರ ಆರು ಅಡಿ ಹಲಗೆಗೆ ನುಣುಪು ಸನ್ಮೈಕಾ ಅಂಟಿಸಿ, ಎರಡೂ ತುದಿಗೆ ಕಟ್ಟಿಗೆಯ ಪಟ್ಟಿ ಹೊಡೆಸಿದೆ. ಹಳೇ ಸಾಕ್ಸ್ ಹಾಕಿಕೊಂಡು, ಮೊಣಕಾಲು ಮಡಚಿ, ಒಂದು ಪಟ್ಟಿಯನ್ನು ಒದ್ದು ಇನ್ನೊಂದರ ತನಕ ಜಾರಬೇಕು. ಐಸ್ ಮೇಲೆ ಪಕ್ಕಕ್ಕೆ ಒದೆಯುವ ಕಾಲಿನ ಕೆಲಸ ಇದರಲ್ಲಿ ಚೆನ್ನಾಗಿ ಸಿಗುತ್ತದೆ. ನಾನು ರೊಟ್ಟಿ ಬಡಿಯುತ್ತಾ ಸಮಾಜದ ಪ್ರಶ್ನೆ ಕೇಳುತ್ತೇನೆ. ಬಹಮನಿ ರಾಜ್ಯ ಕಟ್ಟಿದ್ದು ಯಾವಾಗ? "ಹದಿಮೂರುನೂರಾ..." ಟಪ್, ಆ ಕಡೆ. "...ನಲವತ್ತೇಳು!" ಟಪ್, ಈ ಕಡೆ. ಯಾರು? "ಹಸನ್..." ಟಪ್. "...ಗಂಗು!" ಕೆಳಗಿನ ಮನೆಯವರಿಗೆ ಸದ್ದು ಜಾಸ್ತಿ ಆಯಿತು ಅಂತ ಈಗ ಹಲಗೆಯ ಕೆಳಗೆ ಎರಡು ಹಳೇ ಚಾದರ ಹಾಸಿದ್ದೇವೆ.

ಡೆಹ್ರಾಡೂನಿನ ಹಿಮಾದ್ರಿ ಐಸ್ ರಿಂಕ್ ವರ್ಷಗಟ್ಟಲೆ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆಯಿತು. ಅವಳು ಐಸ್ ಮುಟ್ಟಿದ್ದು ಅಲ್ಲೇ. ದಸರಾ ರಜೆ ಆದ್ದರಿಂದ ಹಾಜರಾತಿಯ ತಲೆನೋವು ಇರಲಿಲ್ಲ, ಪರೀಕ್ಷೆಯೂ ಮುಗಿದಿತ್ತು. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿಬಿಡಿ. ಮೊದಲ ದಿನ ಅವಳು ಚಕ್ರದ ಅಭ್ಯಾಸದಂತೆ ಹಿಂದಿನ ಕಾಲು ಎಳೆದು ನಿಲ್ಲಲು ಹೋಗಿ ಗೋಡೆಗೆ ಬಡಿದಳು. ಐಸ್ ಮೇಲೆ ಬ್ಲೇಡ್ ಅಡ್ಡ ಮಾಡಿ ಕೆರೆದು ನಿಲ್ಲಬೇಕು. ಅದೊಂದು ಕಲಿಯಲು ಎರಡು ದಿನ ಹಿಡಿಯಿತು.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿಗೆ ಒಂದು ದಿನಕ್ಕಿಂತ ಜಾಸ್ತಿ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ರಜೆಯ ಹೋಂವರ್ಕ್. ದಶಮಾಂಶದ ಲೆಕ್ಕ ಕಂಡರೆ ಅವಳಿಗೆ ಆಗುವುದಿಲ್ಲ. ಅದಕ್ಕೆ ನಾನೇ ಒಂದು ಲೆಕ್ಕ ಕೊಟ್ಟೆ: ಶಾರ್ಟ್ ಟ್ರ್ಯಾಕ್ ಅನ್ನುವ ಐಸ್ ರೇಸಿನಲ್ಲಿ ಒಂದು ಸುತ್ತು 111.12 ಮೀಟರ್, 500 ಮೀಟರ್ ರೇಸಿಗೆ ನಾಲ್ಕೂವರೆ ಸುತ್ತು, ಗುಣಿಸು. ಮೇಲಿನ ಬರ್ತಿನಲ್ಲಿ ಬೋರಲು ಮಲಗಿ ಗುಣಿಸಿದಳು. 500.04 ಬಂತು. ತಪ್ಪಾಯಿತೆಂದು ಇನ್ನೊಮ್ಮೆ ಮಾಡಿದಳು, ಅಷ್ಟೇ ಬಂತು.

"ಮಮ್ಮಿ, ಆ ನಾಲ್ಕ್ ಸೆಂಟಿಮೀಟರ್ ಪುಕ್ಕಟ್ಟೆ ಓಡಬೇಕೇನು?" ಅಂತ ಸೋಲಾಪುರ ಬರುವ ತನಕ ನನ್ನ ತಲೆ ತಿಂದಳು.