ಶಾಸಕರ ರಾಜಕೀಯ ಬದುಕನ್ನು ಕಾಗದದಿಂದ ಕಟ್ಟುವುದು: ನನ್ನ ಅನುಭವ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಶಾಸಕರ ಪರಿಚಯ ಬರೆಯಲು ಕೂತರೆ ನಾನು ಮೊದಲು ಬಿಡಿಸುವುದು ಕ್ಷೇತ್ರದ ನಕ್ಷೆ. ಅಭಿನಂದನಾ ಗ್ರಂಥ, ಹುಟ್ಟುಹಬ್ಬದ ಪುರವಣಿ, ಬೆಂಬಲಿಗರ ಕರಪತ್ರ ಎಲ್ಲ ಆಮೇಲೆ. ನಮ್ಮ ಭಾಗದಲ್ಲಿ ಎಷ್ಟೋ ಸಲ ಶಾಸಕರು ಇದ್ದಲ್ಲೇ ಇರುತ್ತಾರೆ, ಕ್ಷೇತ್ರವೇ ಸರಿದಿರುತ್ತದೆ.

1952ರ ಚುನಾವಣೆಯನ್ನೇ ನೋಡಿ. ಆಗ ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆಯವರು ಗೆದ್ದು ಹೋದದ್ದು ಹೈದರಾಬಾದ್ ವಿಧಾನಸಭೆಗೆ, ಬಳ್ಳಾರಿಯವರು ಮದ್ರಾಸ್ ವಿಧಾನಸಭೆಗೆ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ‘ಮೊದಲ ವಿಧಾನಸಭೆಯ ಸದಸ್ಯರು’ ಎಂದು ಬರೆದರೆ ಯಾವ ರಾಜ್ಯದ್ದು ಎಂದು ಹೇಳಲೇಬೇಕು. 1957ರವರೆಗೆ ದ್ವಿಸದಸ್ಯ ಕ್ಷೇತ್ರಗಳೂ ಇದ್ದವು. ಒಂದೇ ಕ್ಷೇತ್ರಕ್ಕೆ ಇಬ್ಬರು ಗೆದ್ದವರು ಕಂಡರೆ ಅಚ್ಚಿನ ತಪ್ಪೆಂದು ಒಬ್ಬರನ್ನು ಹೊಡೆದುಹಾಕಬೇಡಿ.

ಎರಡನೆಯ ದೊಡ್ಡ ಬದಲಾವಣೆ 2008ರ ಪುನರ್ವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದದ್ದು. ಕುರುಗೋಡು, ಕಲ್ಮಲಾ ಕ್ಷೇತ್ರಗಳು ಅಳಿಸಿಹೋದವು. ಪಟ್ಟಿಗೆ ಮಸ್ಕಿ, ಕಂಪ್ಲಿ, ರಾಯಚೂರು ಗ್ರಾಮೀಣ, ಬಳ್ಳಾರಿ ಗ್ರಾಮೀಣ ಬಂದವು. ಹೊಸಪೇಟೆ ಕ್ಷೇತ್ರ ವಿಜಯನಗರವಾಯಿತು. ಮೀಸಲಾತಿಯೂ ಅದಲುಬದಲಾಯಿತು. ಶ್ರೀರಾಮುಲು 2004ರಲ್ಲಿ ಬಳ್ಳಾರಿಯಿಂದ, 2008ರಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಬಳ್ಳಾರಿ ಗ್ರಾಮೀಣದಿಂದ ಗೆದ್ದರು. ಇದನ್ನು ಮಾಮೂಲಿ ‘ಕ್ಷೇತ್ರ ಬದಲಾವಣೆ’ ಎಂದು ಬರೆದರೆ ಓದುಗರಿಗೆ ತಪ್ಪು ಅರ್ಥ ಹೋಗುತ್ತದೆ. 2018ರಲ್ಲಿ ಅವರು ಮೊಳಕಾಲ್ಮುರಿಗೆ ಹೋದದ್ದು ಮಾತ್ರ ನಿಜವಾದ ಬದಲಾವಣೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದದ್ದು ಐದೇ ಕ್ಷೇತ್ರ. ಹಳೆಯ ‘ಬಳ್ಳಾರಿ ಜಿಲ್ಲೆಯ ಶಾಸಕರು’ ಪಟ್ಟಿಗಳನ್ನು ಇದಕ್ಕೆ ಹೊಂದಿಸಿ ಓದಬೇಕು.

ನಕ್ಷೆ ಆದ ಮೇಲೆ ಫಲಿತಾಂಶ. ಚುನಾವಣಾ ಆಯೋಗದ ಅಂಕಿಅಂಶ ವರದಿಯಿಂದ ಒಟ್ಟು ಮತ, ಅಂತರ, ಎದುರಾಳಿಯ ಹೆಸರು ತೆಗೆದುಕೊಳ್ಳುತ್ತೇನೆ. ಮತಗಟ್ಟೆವಾರು ಲೆಕ್ಕಕ್ಕೆ ನಮೂನೆ 20, ಅಂದರೆ ಅಂತಿಮ ಫಲಿತಾಂಶದ ಹಾಳೆ ಬೇಕು. ಯಾವ ಹೋಬಳಿ ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದು ಅದರಲ್ಲಿ ಮಾತ್ರ ಸಿಗುತ್ತದೆ. ಆದರೆ ಎರಡು ಚುನಾವಣೆಗಳ ಮತಗಟ್ಟೆ ಸಂಖ್ಯೆಗಳನ್ನು ಹಾಗೇ ಹೋಲಿಸಬಾರದು. ಪ್ರತಿ ಸಲ ಮತಗಟ್ಟೆ ಸೇರುತ್ತವೆ, ಒಡೆಯುತ್ತವೆ, ಸಂಖ್ಯೆ ಜಾರುತ್ತದೆ. ಊರಿನ ಹೆಸರು, ಶಾಲೆಯ ಹೆಸರು ಹಿಡಿದು ಜೋಡಿಸಬೇಕು. ಠೇವಣಿ ಹೋಯಿತೇ ಎಂದು ನೋಡುವಾಗ ಸಿಂಧು ಮತದ ಆರನೇ ಒಂದು ಭಾಗದ ಲೆಕ್ಕ ಹಾಕಬೇಕು. ನೋಟಾ, ಅಂದರೆ ‘ಇವರಲ್ಲಿ ಯಾರೂ ಬೇಡ’ ಎಂಬ ಮತ, ಅದರಲ್ಲಿ ಸೇರುವುದಿಲ್ಲ. ನಮ್ಮ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗೆ ನೋಟಾ ಬಂದದ್ದೇ 2018ರಲ್ಲಿ.

ಅತಿ ಹೆಚ್ಚು ತಪ್ಪು ನುಸುಳುವುದು ‘ಎಷ್ಟನೇ ಬಾರಿ ಶಾಸಕ’ ಎಂಬಲ್ಲಿ. ಆನಂದ್ ಸಿಂಗ್ ವಿಜಯನಗರದಿಂದ 2008 ಮತ್ತು 2013ರಲ್ಲಿ ಬಿಜೆಪಿಯಿಂದ, 2018ರಲ್ಲಿ ಕಾಂಗ್ರೆಸ್‌ನಿಂದ, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. ಗೆಲುವು ನಾಲ್ಕು, ವಿಧಾನಸಭೆ ಮೂರೇ: 13, 14, 15ನೆಯವು. ನಾನು ಎರಡಕ್ಕೂ ಬೇರೆ ಬೇರೆ ಕಾಲಂ ಇಡುತ್ತೇನೆ. ಜೊತೆಗೆ ‘ಸ್ಥಾನ ತೆರವಾದ ದಿನ, ಕಾರಣ’ ಎಂದು ಇನ್ನೊಂದು. ರಾಜೀನಾಮೆ, ಅನರ್ಹತೆ, ಲೋಕಸಭೆಗೆ ಆಯ್ಕೆ, ನಿಧನ ಇವೆಲ್ಲ ಒಂದೇ ಅಲ್ಲ.

ಪಕ್ಷದ ಕಾಲಂ ಹೇಗೆ ತುಂಬಬೇಕು ಎಂಬುದಕ್ಕೆ ಮಸ್ಕಿಗಿಂತ ಒಳ್ಳೆಯ ಪಾಠ ಇಲ್ಲ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. 2019ರ ಜುಲೈನಲ್ಲಿ ಪಾಟೀಲರು ಸಭಾಧ್ಯಕ್ಷರ ಆದೇಶದಿಂದ ಅನರ್ಹರಾದರು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಇಷ್ಟಾದರೂ ಡಿಸೆಂಬರ್ ಉಪಚುನಾವಣೆ ಮಸ್ಕಿಗೆ ಬರಲಿಲ್ಲ. 2018ರ ಫಲಿತಾಂಶದ ಮೇಲೆ ಚುನಾವಣಾ ತಕರಾರು ಅರ್ಜಿ ಬಾಕಿ ಇತ್ತು. ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಕಣದಲ್ಲಿ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು, ಈ ಸಲ ಗೆದ್ದವರು ಕಾಂಗ್ರೆಸ್‌ನ ತುರ್ವಿಹಾಳ. ಬರೀ ‘ಪಕ್ಷಾಂತರ’ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಿದರೆ ಆ ಕ್ಷೇತ್ರ ಅಷ್ಟು ಕಾಲ ಶಾಸಕರಿಲ್ಲದೆ ಇದ್ದದ್ದೇ ಮುಚ್ಚಿಹೋಗುತ್ತದೆ. ಹಳೆಯ ಕಾಲದ ಪ್ರಕರಣವಾದರೆ ಕಾನೂನು ಯಾವುದಿತ್ತು ನೋಡಿ: 1985ಕ್ಕೆ ಮೊದಲು ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯೇ ಇರಲಿಲ್ಲ, 2003ರ ತಿದ್ದುಪಡಿಯವರೆಗೆ ಮೂರನೇ ಒಂದು ಭಾಗ ಒಡೆದು ಹೊರಬಂದರೆ ರಕ್ಷಣೆ ಇತ್ತು.

ಆಸ್ತಿಗೆ ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ. ಆಸ್ತಿ ಘೋಷಣೆ ಸಿಗುವುದು ಅದನ್ನು ಕಡ್ಡಾಯ ಮಾಡಿದ ಸುಪ್ರೀಂ ಕೋರ್ಟ್ ತೀರ್ಪಿನ ನಂತರದ ಚುನಾವಣೆಗಳಿಗೆ, ಅಂದರೆ ನಮಗೆ 2004ರಿಂದ. 2019ರ ತಿದ್ದುಪಡಿಯ ಮೇಲೆ ಐದು ವರ್ಷದ ಆದಾಯವನ್ನೂ ಬರೆಯಬೇಕು, ಆದ್ದರಿಂದ ಹಳೆಯದನ್ನೂ ಹೊಸದನ್ನೂ ಸಾಲಿಗೆ ಸಾಲು ಹೋಲಿಸಲಾಗದು. ಭೂಮಿಯನ್ನು ನಾನು ಮೊದಲು ಎಕರೆ-ಗುಂಟೆಯಲ್ಲಿ ಬರೆದುಕೊಳ್ಳುತ್ತೇನೆ, ಸರ್ವೆ ನಂಬರ್ ಸಮೇತ, ರೂಪಾಯಿ ಆಮೇಲೆ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರಿನ ಗದ್ದೆಗೆ ಬೆಲೆ ಏರಿದರೆ ಒಂದು ಗುಂಟೆ ಕೊಳ್ಳದೆಯೂ ಆಸ್ತಿ ಹಿಗ್ಗುತ್ತದೆ. ‘ಆಸ್ತಿ ಇಷ್ಟು ಪಟ್ಟು’ ಎಂಬ ತಲೆಬರಹಗಳು ಬಹುಪಾಲು ಇಲ್ಲೇ ಮುಗ್ಗರಿಸುತ್ತವೆ. ಸ್ವಂತದ್ದು, ಪತ್ನಿ ಅಥವಾ ಪತಿಯದು, ಅವಿಭಕ್ತ ಕುಟುಂಬದ್ದು, ಪಿತ್ರಾರ್ಜಿತ ಇವನ್ನು ಬೆರೆಸಬಾರದು. ಮೊಕದ್ದಮೆಗಳಲ್ಲಿ ಬಾಕಿ ಇರುವುದು, ಆರೋಪ ನಿಗದಿಯಾದದ್ದು, ಶಿಕ್ಷೆಯಾದದ್ದು ಬೇರೆ ಬೇರೆ.

ಸದನದ ಕೆಲಸವನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎಂಬುದು ನನ್ನ ತಕರಾರು. ವಿಧಾನಸಭೆಯ ಕಾರ್ಯಕಲಾಪಗಳಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಬಾಯಿಮಾತಿನ ಉತ್ತರ), ಚುಕ್ಕೆರಹಿತ ಪ್ರಶ್ನೆ (ಲಿಖಿತ ಉತ್ತರ), ಗಮನ ಸೆಳೆಯುವ ಸೂಚನೆ ಎಂದು ವಿಂಗಡಿಸಿಕೊಳ್ಳಿ. ಉತ್ತರಕ್ಕಿಂತ ಅನುಬಂಧದಲ್ಲಿ ಸರಕು ಹೆಚ್ಚು. ತಾಲ್ಲೂಕುವಾರು ಪಟ್ಟಿಗಳು ಇರುವುದು ಅಲ್ಲೇ. ಮಂತ್ರಿಯಾಗಿದ್ದ ವರ್ಷಗಳಲ್ಲಿ ಪ್ರಶ್ನೆ ಸೊನ್ನೆ ಇರುತ್ತದೆ, ಅದು ಸೋಮಾರಿತನ ಅಲ್ಲ. ಹುಡುಕುವಾಗ ಹೆಸರು ಬದಲಾದ ದಿನಾಂಕಗಳು ನೆನಪಿರಲಿ: 2019ರ ಸೆಪ್ಟೆಂಬರ್‌ಗೆ ಮೊದಲಿನ ಕಾಗದದಲ್ಲಿ ‘ಹೈದರಾಬಾದ್ ಕರ್ನಾಟಕ’, ನಂತರ ‘ಕಲ್ಯಾಣ ಕರ್ನಾಟಕ’. 2014ಕ್ಕೆ ಮೊದಲಿನ ಇಂಗ್ಲಿಷ್ ದಾಖಲೆಗಳಲ್ಲಿ ‘Bellary’ ಎಂದೇ ಹುಡುಕಬೇಕು. ತುಂಗಭದ್ರಾ ಎಡದಂಡೆ, ಕಾಲುವೆಯ ಕೊನೆ ಭಾಗ, ನವಲಿ ಸಮತೋಲನ ಜಲಾಶಯ, 371ಜೆ (ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ) ಈ ನಾಲ್ಕು ಪದ ಹಾಕಿದರೆ ನಮ್ಮ ಭಾಗದವರ ಮಾತು ಸಾಕಷ್ಟು ಸಿಗುತ್ತದೆ.

‘ಅವರು ತಂದ ಕಾಮಗಾರಿ’ ಎಂಬುದನ್ನು ಅಡಿಗಲ್ಲು ನೋಡಿ ಬರೆಯುವಂತಿಲ್ಲ. ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ, ಪೂರ್ಣಗೊಂಡ ಪ್ರಮಾಣಪತ್ರ, ಇದರಲ್ಲಿ ಯಾವ ಹಂತಕ್ಕೆ ಬಂದಿದೆ ಎಂದು ನಮೂದಿಸಬೇಕು. ಹಣ ಶಾಸಕರ ನಿಧಿಯದೋ, ಕಲ್ಯಾಣ ಕರ್ನಾಟಕ ಮಂಡಳಿಯದೋ, ಇಲಾಖೆಯದೋ ಎಂಬುದೂ ಬೇಕು. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಸಾಕು: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘ಏಕೆ ಆಗಿಲ್ಲ’ ಎಂದು ಕೇಳಿದರೆ ಅರ್ಜಿ ವಾಪಸ್ ಬರುತ್ತದೆ. ಆದೇಶದ ಸಂಖ್ಯೆ, ದಿನಾಂಕ, ಅಂದಾಜು ಮೊತ್ತ, ಲೆಕ್ಕ ಶೀರ್ಷಿಕೆ (ಬಜೆಟ್‌ನ ಯಾವ ಬಾಬಿನ ಹಣ) ಎಂದು ಕೇಳಿ, ಪ್ರತಿ ಕೊಡಿ ಎನ್ನಿ.

ಉಳಿದದ್ದು ವಿಧಾನಸಭೆಗೆ ಮೊದಲಿನ ಮೆಟ್ಟಿಲುಗಳು. ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ), ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಕಾಗದ ಕಡಿಮೆ ಸಿಗುವುದು ಇಲ್ಲೇ, ಹಾಗಾಗಿ ಶಾಸಕರ ಭೇಟಿಯ ಸಮಯವನ್ನು ಇದಕ್ಕೇ ಇಡುತ್ತೇನೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಆದ್ದರಿಂದ ‘ಕಾಂಗ್ರೆಸ್‌ನಿಂದ ಪಂಚಾಯಿತಿ ಸದಸ್ಯ’ ಎಂದು ಯಾರು ಹೇಳಿದರೂ ‘ಕಾಂಗ್ರೆಸ್ ಬೆಂಬಲಿತ’ ಎಂದೇ ಬರೆಯಬೇಕು. 1987ರಲ್ಲಿ ಗೆದ್ದವರಾದರೆ ಅದು ಜಿಲ್ಲಾ ಪರಿಷತ್ತು ಅಥವಾ ಮಂಡಲ ಪಂಚಾಯಿತಿ. ಜಿಲ್ಲಾ ಪಂಚಾಯಿತಿ ಎಂಬ ಹೆಸರು ಬಂದದ್ದು 1993ರ ಕಾಯ್ದೆಯಿಂದ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ಕ್ಕೇ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಹೊಸ ಶಾಸಕರ ಪರಿಚಯದಲ್ಲಿ ಈ ಮೆಟ್ಟಿಲು ಖಾಲಿ ಕಂಡರೆ ಅದಕ್ಕೂ ಒಂದು ಟಿಪ್ಪಣಿ ಹಾಕಿ.