ಗೃಹಸಾಲದ ಕಡತಗಳಿಗೆ ಸೈಬರ್ ಕಾವಲು ಹೇಗೆ?

ಬೆಳಗಾವಿ, ಬಾಗಲಕೋಟೆ ಭಾಗದ ಸಹಕಾರಿ ಸಂಘಗಳಲ್ಲಿ ಗೃಹಸಾಲದ ಅರ್ಜಿಯೊಂದಿಗೆ ಆಧಾರ್, ಪ್ಯಾನ್, ಸಂಬಳ ಚೀಟಿ, ಮನೆಯ ಉತಾರ (ಆಸ್ತಿ ದಾಖಲೆಯ ಪ್ರತಿ) ಎಲ್ಲವೂ ಒಂದೇ ಕಡತಕ್ಕೆ ಸೇರುವುದರಿಂದ, ಅದು ವಂಚಕರ ಕೈಸೇರಿದರೆ ಸಾಲಗಾರನ ಪೂರ್ತಿ ಗುರುತೇ ಕೈಸೇರಿದಂತೆ. ಆದ್ದರಿಂದ ಸಿಬ್ಬಂದಿಯ ಸ್ವಂತ ವಾಟ್ಸಾಪ್‌ಗೆ ದಾಖಲೆ ತರಿಸಿಕೊಳ್ಳುವ ರೂಢಿಯನ್ನು ಮೊದಲು ನಿಲ್ಲಿಸಿರಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವಲ್ಲಿ ಅದನ್ನೇ ಕೇಳಿರಿ.

ಹೆಚ್ಚಿನ ಅಪಾಯವಿರುವುದು ಹಣ ಬಿಡುಗಡೆಯ ಹಂತದಲ್ಲಿ. “ನಮ್ಮ ಖಾತೆ ಬದಲಾಗಿದೆ, ಈ ಹೊಸ ಸಂಖ್ಯೆಗೆ ಜಮಾ ಮಾಡಿ” ಎಂದು ಬಿಲ್ಡರ್ ಹೆಸರಿನಲ್ಲಿ ಇಮೇಲ್ ಬಂದಾಗ, ಅದರಲ್ಲಿ ಕೊಟ್ಟಿರುವ ಫೋನಿಗೆ ಕರೆ ಮಾಡದೆ, ಒಪ್ಪಂದಪತ್ರದಲ್ಲಿ ಮೊದಲೇ ದಾಖಲಾದ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಇಬ್ಬರು ಅಧಿಕಾರಿಗಳ ಅನುಮೋದನೆಯಿಲ್ಲದೆ ವರ್ಗಾವಣೆ ಆಗಕೂಡದು. ಶನಿವಾರ ಸಂಜೆಯ ಅವಸರದ ಕೋರಿಕೆಯನ್ನಂತೂ ಸೋಮವಾರದವರೆಗೆ ತಡೆಹಿಡಿಯುವುದೇ ಲೇಸು, ಗೊಣಗುವವರು ಗೊಣಗಲಿ.

ಲಾಗಿನ್‌ಗೆ ಪಾಸ್‌ವರ್ಡ್ ಜೊತೆಗೆ ಎರಡನೆಯ ದೃಢೀಕರಣವಿರಲಿ. ಬ್ಯಾಕಪ್‌ನ ಒಂದು ಪ್ರತಿಯನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿಟ್ಟು, ಅದರಿಂದ ಕಡತಗಳು ನಿಜವಾಗಿಯೂ ಮರಳಿ ತೆರೆಯುತ್ತವೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿರಿ. ದಾಳಿಯಾದರೆ ಸೋಂಕಿತ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ವರದಿ ಸಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.